ಜೂನ್ 25: ಲಾರ್ಡ್ಸ್ ಮೈದಾನದ ಎರಡು ಶನಿವಾರಗಳು



ಪಂಚಾಂಗ ನೋಡದೆ ಕೆಲಸಕ್ಕೆ ಕೈಹಚ್ಚದ ಜನ ನಾವು. ತಿಥಿಗೂ ಕಾರ್ಯಕ್ಕೂ ನಂಟುಂಟೆಂಬುದು ನಮ್ಮ ಹಿರಿಯರ ನಂಬಿಕೆ. ಇಂಗ್ಲಿಷು ತಾರೀಖಿಗೆ ಅಂಥ ಮಹಿಮೆಯನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ವೃತ್ತಪತ್ರಿಕೆಗಳು ಬೆಳಗಾದರೆ ‘ಚರಿತ್ರೆಯಲ್ಲಿ ಈ ದಿನ’ ಎಂದು ಒಂದು ಪಟ್ಟಿಯನ್ನು ಅಚ್ಚುಮಾಡುವುದುಂಟು. ನಾವೂ ಅದನ್ನು ಓದದೆ ಬಿಡುವುದಿಲ್ಲ. ಇತಿಹಾಸವನ್ನು ಪಾಠ ಹೇಳುವವರಿಗೆ ಈ ಪಟ್ಟಿಯ ವಿಷಯದಲ್ಲಿ ಕೊಂಚ ಅಸಮಾಧಾನವುಂಟು. ಇಸವಿಗಳನ್ನು ಬಾಯಿಪಾಠ ಮಾಡಿದರೆ ಚರಿತ್ರೆ ಬಂದಂತಾಯಿತೆಂದು ತಿಳಿದ ವಿದ್ಯಾರ್ಥಿಗಳನ್ನು ಆ ಭ್ರಮೆಯಿಂದ ಬಿಡಿಸುವುದರಲ್ಲಿಯೇ ನಮ್ಮ ಅರ್ಧ ಆಯುಸ್ಸು ಕಳೆಯುತ್ತದೆ. ಹೀಗಿದ್ದೂ ಇಂದು ನಾವೇ ಒಂದು ತಾರೀಖನ್ನು ಹಿಡಿದುಕೊಂಡು ನಿಮ್ಮ ಮುಂದೆ ಬಂದಿದ್ದೇವೆ. ತಾರೀಖು ಜೂನ್ 25; ವಿಷಯ ಕ್ರೀಡೆ.

ಈ ದಿನದ ಪಟ್ಟಿ ಚಿಕ್ಕದಲ್ಲ. 1935ರ ಜೂನ್ 25ರಂದು ನ್ಯೂಯಾರ್ಕಿನ ಯಾಂಕೀ ಮೈದಾನದಲ್ಲಿ ಜೋ ಲೂಯಿ ಎಂಬ ನೀಗ್ರೋ ತರುಣ ಇಟಲಿಯ ದೈತ್ಯಾಕಾರದ ಮುಷ್ಟಿಮಲ್ಲ ಪ್ರಿಮೊ ಕಾರ್ನೆರಾನನ್ನು ಆರನೆಯ ಸುತ್ತಿನಲ್ಲಿ ಸೋಲಿಸಿದನು. ಮುಸೋಲಿನಿಯ ಸೇನೆ ಇಥಿಯೋಪಿಯವನ್ನು ಹೊಕ್ಕದ್ದು ಅದಕ್ಕೆ ಮೂರು ತಿಂಗಳ ತರುವಾಯ. ಅದೇ ಲೂಯಿ ಅದೇ ಮೈದಾನದಲ್ಲಿ 1948ರ ಜೂನ್ 25ರಂದು ಜರ್ಸಿ ಜೋ ವಾಲ್ಕಾಟನನ್ನು ಹನ್ನೊಂದನೆಯ ಸುತ್ತಿನಲ್ಲಿ ಕೆಡವಿದನು. ಆ ಸ್ಪರ್ಧೆ ನಡೆಯಬೇಕಾಗಿದ್ದುದು ಎರಡು ದಿನ ಮೊದಲು. ಮಳೆ ಬಂದುದರಿಂದ ಈ ತಾರೀಖಿಗೆ ಬಿತ್ತು. ತಾರೀಖಿನ ಮಹಿಮೆಯನ್ನು ನಂಬುವವರು ಆ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು! 1978ರಲ್ಲಿ ಸೈನ್ಯಾಧಿಕಾರಿಗಳ ಆಳಿಕೆಗೆ ಒಳಗಾಗಿದ್ದ ಆರ್ಜೆಂಟೀನವು ಇದೇ ದಿನ ಬ್ಯೂನಸ್ ಐರಿಸಿನಲ್ಲಿ ಹಾಲೆಂಡನ್ನು 3–1ರಿಂದ ಗೆದ್ದು ಕಾಲ್ಚೆಂಡಿನ ವಿಶ್ವಕಪ್ಪನ್ನು ಪಡೆಯಿತು. 1982ರಲ್ಲಿ ಇದೇ ದಿನ ಸ್ಪೇನಿನ ಹಿಹೋನ್ ಪಟ್ಟಣದಲ್ಲಿ ಪಶ್ಚಿಮ ಜರ್ಮನಿಯೂ ಆಸ್ಟ್ರಿಯವೂ ಆಡಿದ ಆಟವಂತೂ ನಾಚಿಕೆಗೇಡಿನದು. ಜರ್ಮನರು ಒಂದು ಗೋಲಿನಿಂದ ಗೆದ್ದರೆ ಎರಡು ತಂಡಗಳೂ ಮುಂದಿನ ಹಂತಕ್ಕೆ ಹೋಗುವಂತಿತ್ತು. ಹಿಂದಿನ ದಿನವೇ ತನ್ನ ಆಟಗಳನ್ನು ಮುಗಿಸಿದ್ದ ಆಲ್ಜೀರಿಯ ಹೊರಬೀಳುವಂತಿತ್ತು. ಹತ್ತನೆಯ ನಿಮಿಷದಲ್ಲಿ ಗೋಲು ಬಿದ್ದಿತು; ಆಮೇಲೆ ಉಳಿದ ಹೊತ್ತೆಲ್ಲ ಇಬ್ಬರೂ ಚೆಂಡನ್ನು ಅತ್ತಿತ್ತ ಉರುಳಿಸುತ್ತ ಕಾಲ ನೂಕಿದರು. ಗುಂಪಿನ ಕೊನೆಯ ಎರಡು ಆಟಗಳನ್ನು ಒಂದೇ ವೇಳೆಗೆ ಆಡಿಸುವ ಪದ್ಧತಿ ಬಂದದ್ದು ಇದರಿಂದಲೇ.

ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು; ಒಂದೇ ಸಂತೆಗೆ ಬಂದ ಅಪರಿಚಿತರಂತೆ. ಆದರೆ ಇದೇ ತಾರೀಖಿನ ಇನ್ನೆರಡು ಘಟನೆಗಳು ಒಂದೇ ಮೈದಾನದಲ್ಲಿ, ಒಂದೇ ಆಟದಲ್ಲಿ, ಒಂದೇ ದೇಶದ ತಂಡಕ್ಕೆ ಸಂಭವಿಸಿದವು. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದದ್ದು 1932ರ ಜೂನ್ 25ರಂದು. ಅದೇ ಮೈದಾನದಲ್ಲಿ ಕ್ರಿಕೆಟ್ಟಿನ ವಿಶ್ವಕಪ್ಪನ್ನು ಗೆದ್ದದ್ದು 1983ರ ಜೂನ್ 25ರಂದು. ಎರಡೂ ಶನಿವಾರಗಳೇ. ತಾರೀಖೂ ವಾರವೂ ಕೂಡಿಬಂದದ್ದು ಆಕಸ್ಮಿಕವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ಎರಡು ಶನಿವಾರಗಳ ನಡುವಣ 51 ವರ್ಷಗಳಲ್ಲಿ ಒಂದು ಪ್ರಶ್ನೆ ಎಳೆಯಂತೆ ಹಾದುಹೋಗಿದೆ. ತಂಡಕ್ಕೆ ನಾಯಕನಾಗುವವನು ಯಾರು? ಹುಟ್ಟಿನಿಂದ ದೊಡ್ಡವನೋ, ಆಟದಿಂದ ದೊಡ್ಡವನೋ?

1932ರ ತಂಡ ಹೊರಟ ಕಾಲವನ್ನು ಮೊದಲು ನೆನೆಯಬೇಕು. ಆ ವರ್ಷದ ಜನವರಿಯಲ್ಲಿ ಗಾಂಧೀಜಿಯವರನ್ನು ಬಂಧಿಸಿ ಯರವಡೆಯ ಸೆರೆಮನೆಯಲ್ಲಿಟ್ಟಿದ್ದರು. ದೇಶದ ಮುಖಂಡರು ಸೆರೆಯಲ್ಲಿರುವಾಗ ಇಂಗ್ಲೆಂಡಿಗೆ ಆಡಲು ಹೋಗುವುದು ಸರಿಯಲ್ಲವೆಂದು ಮುಂಬಯಿಯ ವಿಜಯ ಮರ್ಚೆಂಟ್, ಎಲ್. ಪಿ. ಜೈ ಮುಂತಾದವರು ಆಯ್ಕೆಯಿಂದ ದೂರ ಉಳಿದರು. ಆದುದರಿಂದ ಅಖಿಲ ಭಾರತದ ಹೆಸರು ಹೊತ್ತ ಆ ತಂಡದಲ್ಲಿ ಕೆಲವು ಸ್ಥಾನಗಳು ಮೊದಲೇ ತೆರವಾಗಿದ್ದುವು.

ನಾಯಕಸ್ಥಾನ ಮಾತ್ರ ತೆರವಾಗಿರಲಿಲ್ಲ. ಅದಕ್ಕೆ ಅರಸರು ಸಾಲುಗಟ್ಟಿದ್ದರು. ಹಿಂದೂ, ಮುಸಲ್ಮಾನ, ಪಾರಸಿ, ಸಿಖ್ಖರು ಕೂಡಿದ ತಂಡವನ್ನು ಸಾಮಾನ್ಯನೊಬ್ಬ ಅಂಕೆಯಲ್ಲಿಡಲಾರನು, ಇಂಗ್ಲೆಂಡಿನ ಔತಣಕೂಟಗಳಲ್ಲಿ ದೇಶದ ಮರ್ಯಾದೆಯನ್ನು ಕಾಯಲು ರಾಜಪುರುಷನೇ ಬೇಕು ಎಂಬುದು ಅಂದಿನ ಎಣಿಕೆ. ಮೊದಲು ಪಟಿಯಾಲದ ಮಹಾರಾಜರಾದ ಭೂಪಿಂದರ ಸಿಂಗರು ಗೊತ್ತಾದರು, ಅವರು ಹಿಂದೆಗೆದುಕೊಂಡರು. ತರುವಾಯ ಪೋರಬಂದರಿನ ಮಹಾರಾಜರು ನಾಯಕರಾಗಿಯೂ ಲಿಂಬ್ಡಿಯ ರಾಜಕುಮಾರರು ಉಪನಾಯಕರಾಗಿಯೂ ನೇಮಕವಾದರು. ವಿಜಯನಗರಂನ ಮಹಾರಾಜಕುಮಾರರಿಗೂ ಒಂದು ಪದವಿ ಏರ್ಪಟ್ಟಿತ್ತು, ಅವರು ಹೊರಡಲಿಲ್ಲ. ಅವರ ಹೆಸರನ್ನು ಶ್ರೋತೃಗಳು ಜ್ಞಾಪಕದಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಇಲ್ಲಿ ಅರಸರ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ನಮ್ಮ ದೇಶದಲ್ಲಿ ಈ ಆಟ ಬೇರುಬಿಟ್ಟದ್ದರಲ್ಲಿ ಅವರ ಹಣದ ಪಾಲು ದೊಡ್ಡದು. ಮೈದಾನ ಮಾಡಿಸಿದರು, ಆಟಗಾರರಿಗೆ ತಮ್ಮ ಸಂಸ್ಥಾನಗಳಲ್ಲಿ ನೌಕರಿ ಕೊಟ್ಟರು, ಹೊರಗಿನಿಂದ ಶಿಕ್ಷಕರನ್ನು ಕರೆಸಿದರು. ರಣಜಿ ಟ್ರೋಫಿಯನ್ನು ಕೊಡಮಾಡಿದವರು ಪಟಿಯಾಲದವರೇ. ಆದರೆ ಅನ್ನ ಹಾಕಿದವನೇ ಅಡಿಗೆಯನ್ನೂ ಮಾಡುತ್ತೇನೆಂದರೆ ಉಣ್ಣುವವರ ಗತಿಯೇನು? ಪೋರಬಂದರಿನ ಮಹಾರಾಜರು ಆ ಪ್ರವಾಸದ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಕೂಡಿಸಿದ್ದು ಎರಡೇ ರನ್ನು. ಮಹಾರಾಜರು ಗಳಿಸಿದ ರನ್ನಿಗಿಂತ ಅವರ ರೋಲ್ಸ್ ರಾಯ್ಸ್ ಮೋಟಾರುಗಳೇ ಹೆಚ್ಚು ಎಂಬ ಹಾಸ್ಯ ಆಗಲೇ ಹುಟ್ಟಿತು. ಹಾಸ್ಯ ಸುಲಭ. ಆದರೆ ತಮ್ಮ ಅಳತೆಯನ್ನು ತಾವೇ ಬಲ್ಲವರಾಗಿದ್ದ ಅವರು ಟೆಸ್ಟ್ ಪಂದ್ಯ ಬಂದಾಗ ಬದಿಗೆ ಸರಿದು ನಿಂತರು. ಇದು ಸಣ್ಣ ಗುಣವಲ್ಲ. ಲಿಂಬ್ಡಿಯವರಿಗೆ ಬೆನ್ನುನೋವು. ಹೀಗೆ ಭಾರತದ ಮೊದಲ ಟೆಸ್ಟಿನ ನಾಯಕತ್ವ ಕೊಟ್ಟಾರಿ ಕನಕಯ್ಯ ನಾಯುಡು ಅವರ ಪಾಲಿಗೆ ಬಂದಿತು. ನಾಗಪುರದಲ್ಲಿ ಹುಟ್ಟಿ ಇಂದೂರಿನ ಹೋಳ್ಕರರ ಆಶ್ರಯಕ್ಕೆ ಬಂದವರು ಇವರು. 1926ರಲ್ಲಿ ಮುಂಬಯಿಯ ಜಿಮಖಾನಾ ಮೈದಾನದಲ್ಲಿ ಇಂಗ್ಲೆಂಡಿನ ಎಂ. ಸಿ. ಸಿ. ತಂಡದ ಎದುರು ಹನ್ನೊಂದು ಸಿಕ್ಸರುಗಳನ್ನು ಬಾರಿಸಿ 153 ರನ್ನು ಹೊಡೆದು, ಭಾರತಕ್ಕೂ ಟೆಸ್ಟ್ ಯೋಗ್ಯತೆಯುಂಟೆಂದು ಆಂಗ್ಲರ ಬಾಯಲ್ಲೇ ಹೇಳಿಸಿದವರು.

ಪಂದ್ಯದ ಬೆಳಗು ವಿಸ್ಮಯದ ಬೆಳಗು. ಇಂಗ್ಲೆಂಡಿನ ನಾಯಕ ಡಗ್ಲಸ್ ಜಾರ್ಡಿನ್ (ಈತ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ) ಟಾಸು ಗೆದ್ದು ಮೊದಲು ಆಡಲು ನಿಶ್ಚಯಿಸಿದನು. ಸಟ್‌ಕ್ಲಿಫ್ ಮತ್ತು ಹೋಮ್ಸ್ ಬ್ಯಾಟು ಹಿಡಿದು ಬಂದರು. ಇದೇ ಜೋಡಿ ಹತ್ತೇ ದಿನಗಳ ಹಿಂದೆ ಯಾರ್ಕ್‌ಶೈರಿಗಾಗಿ ಮೊದಲ ವಿಕೆಟ್ಟಿಗೆ 555 ರನ್ನು ಕೂಡಿಸಿ ಜಗತ್ತನ್ನು ಬೆರಗುಗೊಳಿಸಿತ್ತು. ಮಹಮ್ಮದ್ ನಿಸ್ಸಾರನ ವೇಗದ ಎದುರು ಸಟ್‌ಕ್ಲಿಫ್ 3ಕ್ಕೂ ಹೋಮ್ಸ್ 6ಕ್ಕೂ ಬೌಲ್ಡಾದರು. ಮಲಯ ದೇಶದ ಕೌಲಾಲಂಪುರದಲ್ಲಿ ಹುಟ್ಟಿದ ಲಾಲ್ ಸಿಂಗನು ಮಿಂಚಿನಂತೆ ಚೆಂಡನ್ನು ಹಿಡಿದೆಸೆದು ವುಲ್ಲಿಯನ್ನು ರನ್ ಔಟ್ ಮಾಡಿದನು. ಇಂಗ್ಲೆಂಡು 19 ರನ್ನಿಗೆ ಮೂರು ವಿಕೆಟ್ಟು! ಪರಾಧೀನ ದೇಶದ ಹನ್ನೊಂದು ಮಂದಿ ಚಕ್ರಾಧಿಪತ್ಯದ ಆಟದ ಗುಡಿಯಲ್ಲಿ ನಿಂತು ಸಾಧಿಸಿದ ಆ ಅರ್ಧಗಂಟೆಯನ್ನು ಯಾವ ಸೋಲೂ ಅಳಿಸಲಾರದು.

ಸೋಲೇನೋ ಬಂದಿತು. ಜಾರ್ಡಿನನು 79 ರನ್ನು ಹೊಡೆದು ಇಂಗ್ಲೆಂಡನ್ನು 259ಕ್ಕೆ ಎತ್ತಿದನು. ನಿಸ್ಸಾರನಿಗೆ 93 ರನ್ನಿಗೆ ಐದು ವಿಕೆಟ್ಟು. ಕೈಗೆ ಪೆಟ್ಟು ಬಿದ್ದಿದ್ದರೂ ನಾಯುಡು ಅವರು 40 ಹೊಡೆದರು, ಭಾರತ 189. ಎರಡನೆಯ ಸರದಿಯಲ್ಲಿ 346 ರನ್ನು ಬೇಕಾಗಿದ್ದಾಗ 187ಕ್ಕೆ ಆಟ ಮುಗಿದು 158 ರನ್ನಿನ ಸೋಲಾಯಿತು. ಏಳು ವಿಕೆಟ್ಟು ಬಿದ್ದ ಮೇಲೆ ಅಮರ್ ಸಿಂಗನೂ ಲಾಲ್ ಸಿಂಗನೂ ಸೇರಿ 74 ರನ್ನು ಕೂಡಿಸಿದ್ದು, ಅಮರ್ ಸಿಂಗನು 51 ಹೊಡೆದು ಭಾರತದ ಮೊದಲ ಟೆಸ್ಟ್ ಅರ್ಧಶತಕವನ್ನು ಬರೆದದ್ದು ಮಾತ್ರ ಉಳಿಯಿತು. ಆ ಹನ್ನೊಂದು ಮಂದಿಯಲ್ಲಿ ಒಬ್ಬರಾದ ಪಾರಸಿ ಆಟಗಾರ ಫಿರೋಜ್ ಪಾಲಿಯಾ ಮುಂದೆ ಮೈಸೂರಿನ ಪರವಾಗಿಯೂ ಆಡಿದರು.

ನಾಯಕತ್ವದ ಪ್ರಶ್ನೆಗೆ ಒಳಮುಖವೊಂದುಂಟು. ಅದಕ್ಕೆ ನಮ್ಮ ಧಾರವಾಡಕ್ಕೆ ಹೋಗಬೇಕು. ಅಲ್ಲಿ ಹುಟ್ಟಿದ ಪಾಳವಣಕರ ಬಾಳೂ ದಲಿತ ಕುಲದವರು. ಪುಣೆಯಲ್ಲಿ ಯುರೋಪಿಯನರ ಕ್ಲಬ್ಬಿನ ಮೈದಾನದಲ್ಲಿ ಕೂಲಿಯಾಗಿದ್ದುಕೊಂಡು, ದೊರೆಗಳ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ ಎಸೆಯುತ್ತ ದೇಶದ ಶ್ರೇಷ್ಠ ಎಡಗೈ ಬೌಲರಾದರು. ಹಿಂದೂಗಳ ತಂಡಕ್ಕೆ ಅವರ ಕೈ ಬೇಕಾಯಿತು. ಚಹಾದ ವೇಳೆಗೆ ಅದೇ ಕೈಗೆ ಬೇರೆ ಕುಡಿಕೆ, ಬೇರೆ ಜಾಗ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಪಂದ್ಯದ ಮೇಲೆ ಪಂದ್ಯ ಸೋತಿತು. ಬಾಳೂ ಒಬ್ಬರೇ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಕಿತ್ತರು. ಅವರಿಗೆ ಹಿಂದೂ ತಂಡದ ನಾಯಕತ್ವ ಕೊನೆಗೂ ದೊರೆಯಲಿಲ್ಲ. ಅದು ದೊರೆತದ್ದು ಅವರ ತಮ್ಮ ವಿಠಲರಿಗೆ, 1923ರಲ್ಲಿ. ಅರಸನಲ್ಲದವನು ತಂಡ ನಡೆಸಲಾರನೆಂಬ ಮಾತಿಗೂ, ಕೆಳಗಿನ ಕುಲದವನು ನಡೆಸಬಾರದೆಂಬ ಮಾತಿಗೂ ಬೇರು ಒಂದೇ ಎಂಬುದನ್ನು ನಾವು ಮರೆಯಲಾಗದು.

ಅತಿಥೇಯರ ಮನೆಯೂ ಈ ರೋಗದಿಂದ ಮುಕ್ತವಾಗಿರಲಿಲ್ಲ. ಅಂದಿನ ಇಂಗ್ಲಿಷ್ ಕ್ರಿಕೆಟ್ಟಿನಲ್ಲಿ ಹಣ ಪಡೆಯದೆ ಆಡುವ ‘ದೊಡ್ಡ ಮನುಷ್ಯರು’ ಒಂದು ಜಾತಿ, ಕೂಲಿಗೆ ಆಡುವ ‘ಆಟಗಾರರು’ ಇನ್ನೊಂದು ಜಾತಿ. ಪಟ್ಟಿಯಲ್ಲಿ ಅವರ ಹೆಸರು ಬರೆಯುವ ಕ್ರಮವೇ ಬೇರೆ. ಎಷ್ಟೋ ಕಡೆ ಮೈದಾನಕ್ಕೆ ಇಳಿಯುವ ಬಾಗಿಲೂ ಬೇರೆ. ಜಾರ್ಡಿನನು ಮೊದಲನೆಯ ಜಾತಿ. ಸಟ್‌ಕ್ಲಿಫನೂ ಹೋಮ್ಸನೂ ಎರಡನೆಯದು. ಕೂಲಿಗೆ ಆಡುವವನು ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾಯಕನಾಗಲು 1952ರಲ್ಲಿ ಲೆನ್ ಹಟನ್ನನ ಸರದಿಯವರೆಗೆ ಕಾಯಬೇಕಾಯಿತು. ಅದೂ ಭಾರತದ ಎದುರು. ವೆಸ್ಟ್ ಇಂಡೀಸಿನಲ್ಲಿ ಈ ಗೋಡೆ ಬಣ್ಣದ್ದು. ಆಟದ ಭಾರವನ್ನೆಲ್ಲ ಕರಿಯರು ಹೊತ್ತರೂ, 1960ರಲ್ಲಿ ಫ್ರಾಂಕ್ ವಾರೆಲ್ ಬರುವ ತನಕ ಒಂದು ಇಡೀ ಸರಣಿಗೆ ಕರಿಯನೊಬ್ಬನನ್ನು ನಾಯಕನನ್ನಾಗಿ ಮಾಡಲಿಲ್ಲ.

ಇನ್ನು ವಿಜಯನಗರಂನ ಮಹಾರಾಜಕುಮಾರರ ವಿಷಯ. ‘ವಿಜ್ಜಿ’ ಎಂದೇ ಪ್ರಸಿದ್ಧರಾದ ಇವರು 1936ರ ಇಂಗ್ಲೆಂಡ್ ಪ್ರವಾಸಕ್ಕೆ ನಾಯಕರಾದರು. ಪೋರಬಂದರಿನವರಂತೆ ಬದಿಗೆ ಸರಿಯುವ ಮನಸ್ಸು ಇವರಿಗಿರಲಿಲ್ಲ. ಮೂರು ಟೆಸ್ಟುಗಳನ್ನೂ ಆಡಿ ಒಟ್ಟು 33 ರನ್ನು ಕೂಡಿಸಿದರು. ಆ ತಂಡದಲ್ಲಿ ಪಂಜಾಬಿನ ಲಾಲಾ ಅಮರನಾಥ ಎಂಬ ತರುಣನಿದ್ದನು. 1933ರಲ್ಲಿ ಮುಂಬಯಿಯಲ್ಲಿ ಇದೇ ಜಾರ್ಡಿನನ ತಂಡದ ಎದುರು ಭಾರತದ ಮೊದಲ ಟೆಸ್ಟ್ ಶತಕವನ್ನು ಹೊಡೆದವನು; ಪ್ರವಾಸದಲ್ಲಿಯೂ ಒಳ್ಳೆಯ ಆಟ ತೋರುತ್ತಿದ್ದವನು. ಜೂನ್ ತಿಂಗಳಲ್ಲಿ ಲಾರ್ಡ್ಸಿನಲ್ಲಿ ಮೈನರ್ ಕೌಂಟಿಗಳ ಎದುರು ನಡೆದ ಪಂದ್ಯದಲ್ಲಿ, ಬೆನ್ನುನೋವಿದ್ದ ಅವನಿಗೆ ಪ್ಯಾಡು ಕಟ್ಟಿಕೊಂಡು ಸಿದ್ಧನಾಗಿರೆಂದು ಹೇಳಿದರು. ಸಿದ್ಧನಾಗಿ ಕುಳಿತನು. ವಿಕೆಟ್ಟು ಬಿದ್ದಂತೆಲ್ಲ ಬೇರೆಯವರನ್ನು ಕಳುಹಿಸಿ ಅವನನ್ನು ಕಾಯಿಸಿದರು. ದಿನದ ಕೊನೆಯಲ್ಲಿ ಹೋಗಿ ಬಂದವನು ಪೆವಿಲಿಯನ್ನಿನಲ್ಲಿ ಪ್ಯಾಡು ಬಿಚ್ಚಿ ಎಸೆದು ತನ್ನ ಭಾಷೆಯಲ್ಲಿ ಏನನ್ನೋ ಗೊಣಗಿದನು. ಅಷ್ಟಕ್ಕೆ, ಮೊದಲ ಟೆಸ್ಟಿಗೆ ಇನ್ನೂ ಮುಂಚೆಯೇ, ಹಡಗು ಹತ್ತಿಸಿ ಅವನನ್ನು ಊರಿಗೆ ಅಟ್ಟಿದರು. ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಸರ್ ಜಾನ್ ಬೋಮಾಂಟರ ಸಮಿತಿ 1937ರಲ್ಲಿ ವಿಚಾರಣೆ ನಡೆಸಿ ಅಮರನಾಥನನ್ನು ದೋಷಮುಕ್ತನನ್ನಾಗಿ ಮಾಡಿತು. ವಿಜ್ಜಿಯವರ ನಾಯಕತ್ವವನ್ನು ಮೆಚ್ಚಲಿಲ್ಲ. ಸ್ವತಂತ್ರ ಭಾರತದ ತಂಡ ಆಸ್ಟ್ರೇಲಿಯಕ್ಕೆ ಹೊರಟಾಗ ಅದರ ನಾಯಕನಾದವನು ಈ ಅಮರನಾಥನೇ.

ಅರಸರೆಲ್ಲ ಒಂದೇ ತೆರನಲ್ಲ. ಪಟೌಡಿಯ ನವಾಬರು, ತಂದೆಯೂ ಮಗನೂ, ಆಟದ ಬಲದಿಂದಲೇ ನಾಯಕರಾಗಬಲ್ಲವರಾಗಿದ್ದರು. ಮಗ ಮನ್ಸೂರ್ ಅಲಿ ಖಾನರು ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡೂ 21ನೆಯ ವಯಸ್ಸಿನಲ್ಲಿ ತಂಡವನ್ನು ನಡೆಸಿದರು. 1971ರಲ್ಲಿ ಅವರ ಸ್ಥಾನಕ್ಕೆ ಅಜಿತ್ ವಾಡೇಕರರು ಬಂದರು. ಅದೇ ವರ್ಷ ಅರಸರ ರಾಜಧನವೂ ಬಿರುದುಗಳೂ ಶಾಸನದಿಂದ ರದ್ದಾದುವು. ವಾಡೇಕರರ ತಂಡ ಆ ವರ್ಷ ಇಂಗ್ಲೆಂಡಿನಲ್ಲಿ ಸರಣಿಯನ್ನು ಗೆದ್ದಿತು. ಮೂರು ವರ್ಷಗಳ ತರುವಾಯ ಲಾರ್ಡ್ಸಿನಲ್ಲಿ ಅದೇ ನಾಯಕನ ತಂಡ 42 ರನ್ನಿಗೆ ಕುಸಿಯಿತು. ತಾರೀಖು 1974ರ ಜೂನ್ 24. ಒಂದೇ ದಿನದಲ್ಲಿ ನಮ್ಮ ಪಟ್ಟಿಯಿಂದ ತಪ್ಪಿಸಿಕೊಂಡಿತು! ತಾರೀಖಿನ ಅಭಿಮಾನಿಗಳು ಇಂಥ ನೆರೆಹೊರೆಯನ್ನು ಎತ್ತಿ ಆಡುವುದಿಲ್ಲ.

1983ರ ವಿಶ್ವಕಪ್ಪಿಗೆ ಹೊರಟ ಭಾರತವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂದಿನ ಎರಡು ವಿಶ್ವಕಪ್ಪುಗಳಲ್ಲಿ ಅದು ಗೆದ್ದ ಪಂದ್ಯ ಒಂದೇ, ಪೂರ್ವ ಆಫ್ರಿಕದ ಎದುರು. ನಾಯಕ ಕಪಿಲ ದೇವನಿಗೆ 24 ವರ್ಷ. ರಾವಳಪಿಂಡಿಯ ಕಡೆಯಿಂದ ದೇಶವಿಭಜನೆಯ ಕಾಲದಲ್ಲಿ ವಲಸೆ ಬಂದು ಚಂಡೀಗಢದಲ್ಲಿ ಮರದ ವ್ಯಾಪಾರ ಹೂಡಿದ ಮನೆತನದವನು. ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ಎದುರು ನಾಲ್ಕು ವಿಕೆಟ್ಟು 9 ರನ್ನಿಗೆ ಬಿದ್ದಿದ್ದಾಗ ಅವನು ಬಂದು ಔಟಾಗದೆ 175 ಹೊಡೆದನು. ಒಂಬತ್ತನೆಯ ವಿಕೆಟ್ಟಿಗೆ ಅವನ ಜೊತೆ ನಿಂತು ಮುರಿಯದ 126 ರನ್ನು ಕೂಡಿಸಿದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಆ ಆಟದ ಚಲಚ್ಚಿತ್ರ ಉಳಿದಿಲ್ಲ. ಕಂಡವರ ಮಾತೇ ನಮಗೆ ಆಧಾರ.

ಅಂತಿಮ ಪಂದ್ಯದಲ್ಲಿ ಎದುರಾಳಿ ವೆಸ್ಟ್ ಇಂಡೀಸು. ಹಿಂದಿನ ಎರಡೂ ಕಪ್ಪುಗಳನ್ನು ಇದೇ ಲಾರ್ಡ್ಸಿನಲ್ಲಿ ಗೆದ್ದವರು, ವಾರೆಲನ ದಾರಿಯಲ್ಲಿ ಬಂದ ಕ್ಲೈವ್ ಲಾಯ್ಡನ ತಂಡ. ಭಾರತ 54.4 ಓವರುಗಳಲ್ಲಿ 183ಕ್ಕೆ ಮುಗಿಯಿತು. ಶ್ರೀಕಾಂತರ 38ಕ್ಕಿಂತ ಹೆಚ್ಚು ಯಾರೂ ಹೊಡೆಯಲಿಲ್ಲ. ಕೊನೆಯ ಜೋಡಿಯಾದ ಕಿರ್ಮಾನಿಯೂ ಸಂಧುವೂ ಕೂಡಿಸಿದ 22 ರನ್ನು ಆಗ ಯಾರ ಗಮನಕ್ಕೂ ಬಂದಂತೆ ಇಲ್ಲ. ಸಂಧು ಎಸೆದ ಚೆಂಡನ್ನು ಹೊರಗೆ ಹೋಗುವುದೆಂದು ಬಿಟ್ಟ ಗ್ರೀನಿಜ್ ಬೌಲ್ಡಾದನು. ರಿಚರ್ಡ್ಸ್ 28 ಚೆಂಡುಗಳಲ್ಲಿ 33 ಹೊಡೆದು ಆಟವನ್ನು ಬೇಗನೆ ಮುಗಿಸುವ ತವಕದಲ್ಲಿದ್ದಾಗ, ಮದನ ಲಾಲರ ಚೆಂಡು ಆಕಾಶಕ್ಕೆದ್ದಿತು; ಕಪಿಲನು ಬೆನ್ನು ತಿರುಗಿಸಿ ಬೌಂಡರಿಯ ಕಡೆಗೆ ಓಡುತ್ತ ಓಡುತ್ತ ಹೆಗಲಮೇಲಿಂದ ಬಂದ ಅದನ್ನು ಹಿಡಿದನು. ಲಾಯ್ಡನನ್ನು ಬೆಂಗಳೂರಿನ ರೋಜರ್ ಬಿನ್ನಿ ಕೆಡವಿದರು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ 18 ವಿಕೆಟ್ಟು ಪಡೆದವರು ಇವರೇ. 76 ರನ್ನಿಗೆ ಆರು ವಿಕೆಟ್ಟು ಹೋಗಿದ್ದುವು. ಆಮೇಲೆ ಡೂಜಾನನೂ ಮಾರ್ಷಲನೂ ನಿಂತು 43 ರನ್ನು ಸೇರಿಸಿ ನಮ್ಮವರ ಎದೆ ಹಾರಿಸಿದರು.

ಆ ಜೋಡಿಯನ್ನು ಮುರಿಯಲು ಕಪಿಲನು ಚೆಂಡನ್ನು ಕೊಟ್ಟದ್ದು ಮೊಹಿಂದರ್ ಅಮರನಾಥನ ಕೈಗೆ. ಲಾಲಾ ಅಮರನಾಥನ ಮಗನೀತ. ತಂಡದಿಂದ ಎಷ್ಟು ಸಲ ಹೊರಬಿದ್ದನೋ ಅಷ್ಟು ಸಲವೂ ಮರಳಿ ಬಂದವನು. ನಡೆದಾಡಿದಂತೆ ಓಡಿಬಂದು ಮೆಲ್ಲಗೆ ಎಸೆಯುವ ಅವನ ಚೆಂಡಿಗೆ ಡೂಜಾನನು ಬೌಲ್ಡಾದನು. ಮಾರ್ಷಲನು ಗಾವಸ್ಕರರ ಕೈಗೆ ಸಿಕ್ಕಿದನು. ಕೊನೆಯವನಾದ ಹೋಲ್ಡಿಂಗನ ಕಾಲಿಗೆ ಚೆಂಡು ತಗುಲಿ ಅಂಪೈರನ ಬೆರಳು ಎದ್ದಾಗ ವೆಸ್ಟ್ ಇಂಡೀಸಿನ ಲೆಕ್ಕ 140. ಭಾರತಕ್ಕೆ 43 ರನ್ನಿನ ಜಯ. 26 ರನ್ನು, 12 ರನ್ನಿಗೆ ಮೂರು ವಿಕೆಟ್ಟು ಎಂದು ಪಂದ್ಯದ ಶ್ರೇಷ್ಠನೆಂಬ ಬಹುಮಾನವೂ ಮೊಹಿಂದರನದಾಯಿತು. ಜನ ಮೈದಾನಕ್ಕೆ ನುಗ್ಗುತ್ತಿದ್ದರು. ಆಟಗಾರರು ಗುಂಪನ್ನು ಸೀಳಿಕೊಂಡು ಪೆವಿಲಿಯನ್ನಿನ ಕಡೆಗೆ ಓಡಿದರು. ಅದು, 47 ವರ್ಷಗಳ ಹಿಂದೆ ಮೊಹಿಂದರನ ತಂದೆ ಪ್ಯಾಡು ಕಟ್ಟಿಕೊಂಡು ಕಾದು ಕುಳಿತಿದ್ದ ಅದೇ ಪೆವಿಲಿಯನ್ನು.